ಎಸೆದ ಬೀಜ ವಾಪಸ್ ಬರುವುದಿಲ್ಲ

(ಪರಿಸರ ದಿನಕ್ಕೆ ಕೆಲವು ದಿನ ಮುಂಚೆ, ಕಡೂರು ಸೀಮೆಯ ಕಾಲೇಜೊಂದರಲ್ಲಿ ಬೀಜದುಂಡೆ ತಯಾರಿಸುತ್ತಿದ್ದ ವಿದ್ಯಾರ್ಥಿಗಳು ಮತ್ತು ಸುತ್ತಲಿನ ಊರವರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ವರಾಂಡದಲ್ಲಿ ಒಣಹಾಕಿರುವ ಬೀಜದುಂಡೆಗಳನ್ನು, ಮಣ್ಣು ಗೊಬ್ಬರದೊಳಗೆ ಬೀಜ ಇಟ್ಟು ಕಟ್ಟಿದ ಉಂಡೆಗಳನ್ನು, ನೋಡಿದೆ. ಐದು ಸಾವಿರ ದಾಟಿದೆಯಂತೆ. ಇಲ್ಲಿ ಕೂತಿರುವ ಎಷ್ಟೋ ಮಕ್ಕಳ ಉಗುರಿನಲ್ಲಿ ಇನ್ನೂ ಕೆಮ್ಮಣ್ಣಿದೆ. ರಜೆಯಲ್ಲಿ ಬಂದು, ಬಿಸಿಲಲ್ಲಿ ಕೂತು, ಯಾರ ಬಲವಂತವೂ ಇಲ್ಲದೆ ಮಾಡಿದ ಕೆಲಸ ಇದು. ಅದಕ್ಕೇ ಈ ಮಾತು ಹೇಳುವುದು ನನಗೆ ಸುಲಭವಲ್ಲ: ಆ ಉಂಡೆಗಳನ್ನು ಭಾನುವಾರ ಕಾವಲಿಗೆ, ಅಂದರೆ ಊರಾಚೆಯ ಹುಲ್ಲುಗಾವಲಿಗೆ, ಒಯ್ದು ಎಸೆಯಬೇಡಿ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. 1988ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಸ್ಯಶಾಸ್ತ್ರದ ಮೇಷ್ಟ್ರು. ರಾಷ್ಟ್ರೀಯ ಸೇವಾ ಯೋಜನೆಯ (ಎನ್ಎಸ್ಎಸ್) ಶಿಬಿರಕ್ಕೆ ಹುಡುಗರನ್ನು ಕರೆದುಕೊಂಡು ಒಂದು ಊರಿಗೆ ಹೋಗಿದ್ದೆ. ಊರ ಪಕ್ಕ ದೊಡ್ಡ ಕಾವಲು. ಬೇಸಿಗೆಯಲ್ಲಿ ನೋಡಿದರೆ ಬರೀ ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಬಿಳಿಜಾಲಿ. ನನಗೆ ಅದು ಬಂಜರು ಅನ್ನಿಸಿತು. ನಮಗೆ ಎರಡು ಚೀಲ ಬೀಜ ಕೊಟ್ಟಿದ್ದರು. ಒಂದರಲ್ಲಿ ಸುಬಾಬುಲ್, ಇನ್ನೊಂದರಲ್ಲಿ ಬಳ್ಳಾರಿ ಜಾಲಿ. ಯಾವ ಬೀಜ, ಎಲ್ಲಿಂದ ಬಂತು, ಈ ನೆಲಕ್ಕೆ ಯಾಕೆ ಎಂದು ನಾನೂ ಕೇಳಲಿಲ್ಲ, ಕೊಟ್ಟವರೂ ಹೇಳಲಿಲ್ಲ. ರೋಹಿಣಿ ಮಳೆ ಬಿದ್ದ ಮಾರನೇ ದಿನ ನಲವತ್ತು ಹುಡುಗರು ಸಾಲಾಗಿ ನಿಂತು ಎರಚಿದೆವು. ಸಂಜೆ ಊರವರು ಪಾಯಸ ಮಾಡಿ ಬಡಿಸಿದರು.

ಹತ್ತು ವರ್ಷ ಬಿಟ್ಟು ಅದೇ ಊರಿಗೆ ಒಂದು ಮದುವೆಗೆ ಹೋದೆ. ಕಾವಲಿನ ಆ ಭಾಗದೊಳಗೆ ನಡೆದು ಹೋಗುವ ಹಾಗೇ ಇರಲಿಲ್ಲ. ಮುಳ್ಳಿನ ಗೋಡೆ. ಅಂಚಿನಲ್ಲಿ ಕುರಿ ಬಿಟ್ಟುಕೊಂಡಿದ್ದ ಅಜ್ಜ ಒಬ್ಬರು ನನ್ನನ್ನು ಗುರುತು ಹಿಡಿದರು. ಬಯ್ಯಲಿಲ್ಲ. "ನೀವು ಬಿತ್ತಿದ್ದು ಚೆನ್ನಾಗಿ ಬಂತು ಮೇಷ್ಟ್ರೇ. ಹುಲ್ಲು ಹೋತು," ಅಂದರು. ಆವತ್ತಿನಿಂದ ಇವತ್ತಿನವರೆಗೂ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ.

ಬಳ್ಳಾರಿ ಜಾಲಿ ಎಂದು ನಾವು ಕರೆಯುತ್ತೇವೆ, ಆದರೆ ಅದಕ್ಕೂ ಬಳ್ಳಾರಿಗೂ ಹುಟ್ಟಿನ ಸಂಬಂಧವಿಲ್ಲ. ಅದು ಅಮೆರಿಕ ಖಂಡದ ಒಣ ಸೀಮೆಯ ಮರ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಜಮೈಕಾದಿಂದ ಬೀಜ ತರಿಸಿ ಕಡಪದ ಕಡೆ ಬಿತ್ತಿಸಿದರು. ತರಿಸಿದವರು ಮೂರ್ಖರಲ್ಲ. ಸೌದೆಗೆ ಜನ ಒದ್ದಾಡುತ್ತಿದ್ದ ಕಾಲ, ಬರದ ಮೇಲೆ ಬರ. ನೀರು ಕೇಳದ, ದನ ತಿಂದು ಮುಗಿಸದ, ಕಡಿದಷ್ಟೂ ಚಿಗುರುವ ಮರ ಸಿಕ್ಕರೆ ಯಾರು ಬೇಡ ಅಂದಾರು? ಆವತ್ತು ಅದನ್ನು ಮೆಚ್ಚಿಕೊಂಡ ಗುಣಗಳೇ ಇವತ್ತು ನಮ್ಮನ್ನು ಕಾಡುತ್ತಿವೆ. ಕಾಯಿ ಸಿಹಿ. ದನ, ಕುರಿ, ಮೇಕೆ ಚಪ್ಪರಿಸಿ ತಿನ್ನುತ್ತವೆ. ಒಳಗಿನ ಬೀಜ ಗಟ್ಟಿ, ಅದರಲ್ಲಿ ಎಷ್ಟೋ ಜೀರ್ಣವಾಗದೆ ಸಗಣಿ, ಹಿಕ್ಕೆಯಲ್ಲಿ ಹೊರಬೀಳುತ್ತದೆ, ಗೊಬ್ಬರದ ಸಮೇತ ಬಿತ್ತನೆಯಾದ ಹಾಗೆ. ಹೊಟ್ಟೆಯೊಳಗೆ ಸಿಪ್ಪೆ ಮೆತ್ತಗಾಗಿರುವುದರಿಂದ ಬೇಗ ಮೊಳೆಯುತ್ತದೆ ಕೂಡ.

ಗುಜರಾತಿನ ಕಚ್ಛ್‌ನಲ್ಲಿ ಬನ್ನಿ ಎಂಬ ಹುಲ್ಲುಗಾವಲಿದೆ. ಹೆಸರು ಕೇಳಿ ನಮ್ಮ ಬನ್ನಿ ಮರ ನೆನಪಾದರೆ ತಪ್ಪಿಲ್ಲ, ಆದರೆ ಇದು ಅದಲ್ಲ. 1960ರ ಹೊತ್ತಿಗೆ ಉಪ್ಪಿನ ಮರುಭೂಮಿ ಮುಂದೊತ್ತಿ ಬರುವುದನ್ನು ತಡೆಯಲು ಅಲ್ಲಿ 30,000 ಹೆಕ್ಟೇರ್‌ಗೂ ಮೀರಿದ ಜಾಗದಲ್ಲಿ ಇದೇ ಬಳ್ಳಾರಿ ಜಾಲಿ ಹಾಕಿದರು. ಈಗ ಹಾಕಿದ ಜಾಗ ಮೀರಿ ಹುಲ್ಲುಗಾವಲಿನ ಬಹುಪಾಲಿಗೆ ಹರಡಿದೆ. ಎಮ್ಮೆ ಸಾಕುವ ಅಲ್ಲಿನ ಮಾಲ್ಧಾರಿಗಳು ಅದನ್ನು 'ಗಾಂಡೊ ಬಾವಳ್' ಅನ್ನುತ್ತಾರೆ, ಹುಚ್ಚು ಜಾಲಿ ಅಂತ. ನಮ್ಮ ಬನ್ನಿ ಮರ ಇದಕ್ಕೆ ದಾಯಾದಿ, ಸಸ್ಯಶಾಸ್ತ್ರದವರು ಬಹುಕಾಲ ಎರಡನ್ನೂ ಒಂದೇ ಕುಲದಲ್ಲಿಟ್ಟಿದ್ದರು. ಬನ್ನಿ ಈ ಉಪಖಂಡದ ಒಣನೆಲದಲ್ಲೇ ಹುಟ್ಟಿ ಬೆಳೆದ ಮರ. ವಿಜಯದಶಮಿಗೆ ಎಲೆ ಹಂಚಿಕೊಂಡು ಬಂಗಾರ ಅನ್ನುತ್ತೇವೆ. ಅದರ ಕೆಳಗೆ ಜೋಳವೂ ಬೆಳೆಯುತ್ತದೆ, ಹುಲ್ಲೂ ಬೆಳೆಯುತ್ತದೆ. ಅದರ ಬಂಧು ಕೆಳಗೆ ಏನನ್ನೂ ಬಿಡುವುದಿಲ್ಲ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮೆಣಸಿನಕಾಯಿ, ಕಡಲೆಕಾಯಿ, ಟೊಮೆಟೊ ಎಲ್ಲ ಅಮೆರಿಕದವು. ಹುಣಸೆ ಆಫ್ರಿಕದಿಂದ ಬಂದದ್ದು. ಅವು ನಾವು ನೆಟ್ಟ ಕಡೆ ಇವೆ, ನಾವು ಬಿಟ್ಟರೆ ಬಹುಮಟ್ಟಿಗೆ ನಿಂತುಬಿಡುತ್ತವೆ. ನಮ್ಮ ತಕರಾರಿರುವುದು ನಾವು ಬಿಟ್ಟರೂ ನಿಲ್ಲದೆ, ತಾನಾಗಿ ಹರಡಿ, ಇದ್ದವರನ್ನು ಎಬ್ಬಿಸಿ ತಾನು ಕೂರುವ ಗಿಡದ ಮೇಲೆ. ಅಂಥದ್ದು ಸ್ವಂತ ಹೊಲದಲ್ಲಿದ್ದರೆ ಒಬ್ಬ ರೈತ ಕಿತ್ತು ಹಾಕಿಕೊಳ್ಳಬಹುದು. ಕಾವಲು, ಗೋಮಾಳ, ಮೀಸಲು ಅರಣ್ಯಗಳಲ್ಲಿ ಕೀಳುವವರು ಯಾರು? ಎಲ್ಲರ ನೆಲದಲ್ಲಿ ಬಿತ್ತುವುದಕ್ಕೆ ನೂರು ಜನ ಬರುತ್ತಾರೆ, ಕಳೆ ತೆಗೆಯುವುದಕ್ಕೆ ಯಾರೂ ಬರುವುದಿಲ್ಲ. ಹಾಗಾಗಿ ಸಾರ್ವಜನಿಕ ನೆಲಕ್ಕೆ ಹಾಕುವ ಬೀಜದ ವಿಷಯದಲ್ಲಿ ಸ್ವಂತ ಹೊಲದ ಬೀಜಕ್ಕಿಂತ ಹತ್ತು ಪಟ್ಟು ಎಚ್ಚರ ಬೇಕು. ಎಸೆದ ಮೇಲೆ ಅದನ್ನು ವಾಪಸ್ ಕರೆಯಲಾಗುವುದಿಲ್ಲ.

ಈಗ ಈ ಮೇಜಿನ ಬಳಿ ಬನ್ನಿ, ಹಿಂದಿನವರೂ ಬನ್ನಿ. ನೀವು ಸಂಗ್ರಹಿಸಿದ ಚೀಲದಿಂದ ಒಂದು ಬೊಗಸೆ ಬೀಜ ತೆಗೆದು ಪೇಪರಿನ ಮೇಲೆ ಹರವಿದ್ದೇನೆ. ಈ ಕಂದು ಬಣ್ಣದ, ಚಪ್ಪಟೆಯಾದ ದೊಡ್ಡ ಬೀಜ ಹೊಂಗೆ, ನಮ್ಮದೇ. ಇದು ಹುಣಸೆ. ಇದು ಬೇವು. ಈ ಬೇವನ್ನು ಒಡೆದು ನೋಡಿ: ಒಳಗೆ ಹಸಿರಿಲ್ಲ, ಕಂದಾಗಿದೆ. ಹೋದ ವರ್ಷದ್ದು. ಬೇವಿನ ಬೀಜ ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಇದನ್ನು ಉಂಡೆ ಮಾಡಿದರೂ ಮಣ್ಣೇ. ಈ ಉದ್ದನೆಯ, ಮೈಮೇಲೆ ಗೆರೆಯಿರುವುದು ಗುಲ್‌ಮೊಹರ್, ಮಡಗಾಸ್ಕರ್‌ನ ಮರ. ರಸ್ತೆ ಬದಿಗೆ ಇರಲಿ, ಕಾವಲಿಗೆ ಅದರ ಕೆಲಸವಿಲ್ಲ. ಇನ್ನು ಈ ಸಣ್ಣ, ಹೊಳೆಯುವ, ನೀರಿನ ಹನಿಯ ಆಕಾರದ ಬೀಜಗಳು ಎಷ್ಟಿವೆ ಎಣಿಸಿ. ಬೊಗಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಸುಬಾಬುಲ್. ಯಾಕೆ ಇಷ್ಟೊಂದು ಬಂತು? ನಿಮ್ಮ ಕಾಲೇಜಿನ ಕಾಂಪೌಂಡಿನಲ್ಲೇ ನಾಲ್ಕು ಮರ ಇದೆ, ಗೊಂಚಲು ಗೊಂಚಲು ಕಾಯಿ ಬಿಡುತ್ತದೆ, ಕೈಗೆಟುಕುತ್ತದೆ. ಸುಲಭವಾಗಿ ಸಿಗುವ ಬೀಜವೇ ಚೀಲ ತುಂಬುವುದು. ಜಗತ್ತಿನ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳು ಎಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಮಾಡಿರುವ ಪಟ್ಟಿಯಲ್ಲಿ ಈ ಸುಬಾಬುಲ್ ಇದೆ. ಲಂಟಾನದ ಪೊದೆಯೂ ಇದೆ, ಯುಪಟೋರಿಯಂ ಎಂಬ ಕಳೆ ಗಿಡ ಕೂಡ ಇದೆ.

ಬೀಜ ಬೇರ್ಪಡಿಸಿದರೆ ಸಾಕೆ? ಸಾಲದು. ಈ ತಟ್ಟೆ ನೋಡಿ, ಮನೆಯಿಂದ ತಂದಿದ್ದೇನೆ. ಮೂರು ವಾರದ ಹಿಂದೆ ನಿಮ್ಮ ಮೇಷ್ಟ್ರು ನನಗೆ ಆರು ಉಂಡೆ ಕೊಟ್ಟಿದ್ದರು, ಎಲ್ಲದರಲ್ಲೂ ಹೊಂಗೆ ಬೀಜ ಮಾತ್ರ ಇಟ್ಟದ್ದು. ಒದ್ದೆ ಮಾಡಿ ಕಿಟಕಿಯ ಬಳಿ ಇಟ್ಟೆ. ಹೊಂಗೆ ನಾಲ್ಕು ಬಂದಿವೆ, ಸಂತೋಷ. ಅದರ ಬುಡದಲ್ಲಿ ಎಳೆಯ ಹಸಿರಿನ, ಪುಟ್ಟ ಪುಟ್ಟ ಗರಿಯ ಎಲೆಯ ಸಸಿ ಕಾಣುತ್ತಿದೆಯಲ್ಲ, ಮೂರು ಇವೆ? ಬಳ್ಳಾರಿ ಜಾಲಿ. ಈ ಕಡೆ ನೆಲಕ್ಕೆ ಅಂಟಿಕೊಂಡ ಹಾಗೆ ಎಲೆ ಬಿಚ್ಚಿರುವುದು ಪಾರ್ಥೇನಿಯಂ, ನಾವು ಕಾಂಗ್ರೆಸ್ ಗಿಡ ಅನ್ನುವುದು. ಇವನ್ನು ಯಾರೂ ಇಡಲಿಲ್ಲ, ಗೊಬ್ಬರದಲ್ಲಿ ಬಂದವು. ಉಂಡೆಗೆ ಮಣ್ಣಿನ ಜೊತೆ ಕುರಿ ಗೊಬ್ಬರ ಬೆರೆಸಿದ್ದೀರಿ. ಆ ಕುರಿಗಳು ಬೇಸಿಗೆಯೆಲ್ಲ ತಿಂದದ್ದು ಜಾಲಿ ಕಾಯಿ. ನಾವು ಹೊಂಗೆ ಎಸೆಯುತ್ತಿದ್ದೇವೆ ಅಂದುಕೊಂಡು ಜಾಲಿ ಎಸೆಯುತ್ತೇವೆ. ಬಳ್ಳಾರಿ ಜಾಲಿ ಇನ್ನೂ ತಲುಪದ ಗುಡ್ಡದ ತುದಿಗೆ ನಮ್ಮ ಕೈಯಾರೆ ತಲುಪಿಸಿ ಬರುತ್ತೇವೆ.

ಪಾರ್ಥೇನಿಯಂ ನಮ್ಮ ದೇಶದಲ್ಲಿ ಹರಡಿದ ಕಥೆಯೂ ಇಂಥದ್ದೇ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು, ಅಮೆರಿಕದಿಂದ ಆಮದಾದ ಧಾನ್ಯದ ಜೊತೆ ಬೆರೆತು ಬಂತು ಎಂಬುದು ಸಾಮಾನ್ಯವಾಗಿ ಹೇಳುವ ಮಾತು. ಒಂದು ಗಿಡಕ್ಕೆ ಸಾವಿರಾರು ಬೀಜ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು ತಂದು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ದುಂಬಿ ಮಳೆಗಾಲದಲ್ಲಿ ಎಲೆ ತಿನ್ನುತ್ತದೆ, ನಿಜ. ಆದರೂ ನಮ್ಮ ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ ಇಲ್ಲದ ಊರು ಯಾವುದಿದೆ, ತೋರಿಸಿ. ಬೆರಕೆ ಬೀಜದ ಒಂದು ಮೂಟೆ ಇಡೀ ದೇಶವನ್ನು ಎಪ್ಪತ್ತು ವರ್ಷ ದುಡಿಸುತ್ತಿದೆ.

ಕಾಡಿನ ಮಾತಿಗೆ ಬರುತ್ತೇನೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿಯಿತಲ್ಲ, ಆಗ ನನಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳುತ್ತಿದ್ದವು: "ಸರ್, ಸುಟ್ಟ ಜಾಗಕ್ಕೆ ಯಾವ ಬೀಜ ಹಾಕೋಣ?" ಕಪ್ಪು ನೆಲ ನೋಡಿದರೆ ಹೊಟ್ಟೆ ಉರಿಯುತ್ತದೆ, ಏನಾದರೂ ಮಾಡಲೇಬೇಕು ಅನ್ನಿಸುತ್ತದೆ. ಆದರೆ ಅಂಥ ಎಲೆ ಉದುರುವ ಕಾಡಿನ ದಿಂಡಿಗ, ಮತ್ತಿ, ಮುತ್ತುಗ, ನೆಲ್ಲಿ ಬೆಂಕಿ ಕಂಡ ಮರಗಳು. ಬುಡದಿಂದ ಚಿಗುರುತ್ತವೆ. ಮಣ್ಣಲ್ಲಿ ಹುಲ್ಲಿನ ಗಡ್ಡೆ ಇರುತ್ತದೆ, ಬೀಜ ಇರುತ್ತದೆ. ಮೊದಲ ಮಳೆಗೆ ಅಲ್ಲಿ ಏನೇಳುತ್ತದೆ ಎಂದು ನೋಡುವ ಮುಂಚೆ ನಾವು ಬೀಜ ಎಸೆಯುವುದು, ಜ್ವರ ಬಂದವನಿಗೆ ಯಾವ ಜ್ವರ ಎಂದು ನೋಡದೆ ಔಷಧಿ ಕುಡಿಸಿದ ಹಾಗೆ. ಸುಟ್ಟ ನೆಲಕ್ಕೆ ಬೆಳಕು ಬೇಕಾದಷ್ಟು ಬೀಳುತ್ತದೆ, ಪೈಪೋಟಿ ಕಡಿಮೆ. ಬೇಗ ಬೆಳೆಯುವ ಹೊರಗಿನ ಗಿಡ ಕಾಯುತ್ತಿರುವುದು ಅದಕ್ಕೇ.

ಆ ಬೆಂಕಿ ಅಷ್ಟು ಜೋರಾಗಿ ಉರಿಯಲು ಒಂದು ಕಾರಣ ಒಣಗಿ ನಿಂತ ಲಂಟಾನ. ಹುಲ್ಲಿನ ಬೆಂಕಿ ಮೊಣಕಾಲೆತ್ತರ ಓಡಿ ಹೋಗಿಬಿಡುತ್ತದೆ. ಲಂಟಾನದ ಪೊದೆ ಏಣಿಯಂತೆ ನಿಂತು ಬೆಂಕಿಯನ್ನು ಮರದ ನೆತ್ತಿಗೆ ಹತ್ತಿಸುತ್ತದೆ. ಈ ಲಂಟಾನ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚೆಂದದ ಹೂವಿನ ಗಿಡ ಅಂತ ಬಂದದ್ದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು 134 ಜಾಗಗಳನ್ನು ಗುರುತಿಟ್ಟುಕೊಂಡು ನೋಡಿದರು. 1997ರಲ್ಲಿ ಅವುಗಳಲ್ಲಿ ಶೇ 41ರಲ್ಲಿ ಲಂಟಾನ ಇತ್ತು, 2008ರಲ್ಲಿ ಶೇ 81ರಲ್ಲಿ. ಹನ್ನೊಂದೇ ವರ್ಷ! ಅಲ್ಲಿನ ಸೋಲಿಗರನ್ನು ಕೇಳಿದರೆ ಅವರು ತಮ್ಮ ತರಗು ಬೆಂಕಿಯ ವಿಷಯ ಹೇಳುತ್ತಾರೆ. ಬೇಸಿಗೆಯ ಬಿಸಿ ಏರುವ ಮುಂಚೆಯೇ ಒಣ ಎಲೆಗೆ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು, ಅದು ಎಳೆಯ ಲಂಟಾನವನ್ನೂ ನೆಲ್ಲಿಮರಕ್ಕೆ ಹತ್ತಿ ಅದರ ರಸ ಹೀರುವ ಉಪ್ಪಿಲು ಎಂಬ ಬಂದಳಿಕೆಯನ್ನೂ ಹತೋಟಿಯಲ್ಲಿಡುತ್ತಿತ್ತು. ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಏರಿತು ಅನ್ನುವುದು ಅವರ ಮಾತು. ತಲೆಮಾರುಗಳಿಂದ ಆ ಕಾಡಿನಲ್ಲಿ ಬದುಕಿದವರ ಈ ಮಾತಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಕಾಡಿಗೆ ಏನು ಬೇಕು ಎಂದು ನಿರ್ಧರಿಸುವ ಮುಂಚೆ ಕೇಳಬೇಕಾದ ಜನ ಅವರು.

ಮಲೆನಾಡಿನ ಅಕೇಶಿಯಾ, ಬಯಲಿನ ನೀಲಗಿರಿ ನಿಮಗೆ ಗೊತ್ತಿರುವ ಕಥೆ, ಎಳೆಯುವುದಿಲ್ಲ. 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂದು ಶಿವಮೊಗ್ಗದ ಕಡೆ ಜನ ಹೋರಾಟವನ್ನೇ ಮಾಡಬೇಕಾಯಿತು. ಆದರೆ ಈಚಿನ ಒಂದು ಗಿಡದ ಹೆಸರು ಮಾತ್ರ ಎಲ್ಲರೂ ಬರೆದುಕೊಳ್ಳಿ: ಸೆನ್ನಾ ಸ್ಪೆಕ್ಟಬಿಲಿಸ್. ಹಳದಿ ಗೊಂಚಲು ಹೂವು, ನೋಡಲು ಬಲು ಚೆಂದ, ನೆರಳಿಗೆ, ಅಂದಕ್ಕೆ ಅಂತ ನೆಟ್ಟದ್ದು. ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆಯ ಕಾಡುಗಳೊಳಗೆ ಈಗ ಅದೇ. ಕಡಿದರೆ ಬುಡದಲ್ಲಿ ಹತ್ತು ಚಿಗುರು. ನಮ್ಮ ಬಯಲಲ್ಲಿ ಬೆಳೆಯುವ ತಂಗಡಿಯೂ ಸೆನ್ನಾ ಕುಲದ್ದೇ, ಅದಕ್ಕೂ ಹಳದಿ ಹೂವೇ. ತಂಗಡಿ ಮೊಣಕಾಲಿನಿಂದ ಆಳೆತ್ತರದ ಪೊದೆ, ಕಾಯಿ ಚಪ್ಪಟೆ, ಕಾಗದದ ಹಾಗೆ ತೆಳು. ಸ್ಪೆಕ್ಟಬಿಲಿಸ್ ಮರವಾಗುತ್ತದೆ, ಕಾಯಿ ಉದ್ದ, ಉರುಟು. ಹೂವು ನೋಡಿ ಬೀಜ ಆರಿಸಬೇಡಿ, ಕಾಯಿ ನೋಡಿ.

ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಕೇಳಿದ್ದಳು, ಹಾಗಾದರೆ ಭಾರತದ ಗಿಡವಾದರೆ ಎಲ್ಲಿ ಬೇಕಾದರೂ ಹಾಕಬಹುದಾ ಸರ್ ಅಂತ. ಒಳ್ಳೆಯ ಪ್ರಶ್ನೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಆಕ್ರಮಣಕಾರಿ ವಿದೇಶಿ ಪ್ರಭೇದ ಎಂಬ ಮಾತು ಮೊದಲ ಸಲ ಬಂತು. ಭಾರತದ್ದಲ್ಲದ, ವನ್ಯಜೀವಿಗೆ ಅಥವಾ ಅದರ ನೆಲೆಗೆ ಕುತ್ತು ತರಬಹುದಾದ ಪ್ರಾಣಿ, ಸಸ್ಯ ಎಂದು ಅದರ ವ್ಯಾಖ್ಯೆ. ಕಾನೂನಿಗೆ ದೇಶದ ಗಡಿ ಬೇಕು, ಸರಿ. ಗಿಡಕ್ಕೆ ದೇಶದ ಗಡಿ ಗೊತ್ತಿಲ್ಲ, ಮಳೆಯ ಗಡಿ, ಮಣ್ಣಿನ ಗಡಿ ಗೊತ್ತು. ಘಟ್ಟದ ಮರ ಕಡೂರಿನ ಕಾವಲಿಗೆ ನೆಂಟನೇ ಅಲ್ಲ. ನಮ್ಮ ಒಣನೆಲದ ಸೆಂಕ್ರಸ್ ಎಂಬ ಹುಲ್ಲಿದೆ, ದನಕ್ಕೆ ಅಮೃತ. ಅದನ್ನೇ ಅಮೆರಿಕದ ಅರಿಜೋನಾದಲ್ಲಿ ಮೇವಿಗೆ, ಮಣ್ಣು ಕೊಚ್ಚದಿರಲಿ ಎಂದು 20ನೇ ಶತಮಾನದಲ್ಲಿ ಬಿತ್ತಿದರು. ಬೆಂಕಿಯೇ ಗೊತ್ತಿಲ್ಲದ ಆ ಮರುಭೂಮಿಗೆ ಹುಲ್ಲಿನ ಜೊತೆ ಬೆಂಕಿ ಬಂತು, ನೂರು ವರ್ಷ ಮೀರಿ ಬಾಳುವ ಸಗ್ವಾರೊ ಕಳ್ಳಿಗಳು ಸುಟ್ಟು ಸಾಯುತ್ತಿವೆ. ಟೂಸಾನ್ ಊರಿನ ಜನ ವಾರದ ರಜೆಯಲ್ಲಿ ಗುದ್ದಲಿ ಹಿಡಿದು ನಮ್ಮ ಹುಲ್ಲನ್ನು ಕೀಳುತ್ತಿದ್ದಾರೆ.

ಇಷ್ಟೆಲ್ಲ ಹೇಳಿ ಏನು ಮಾಡಬೇಕು ಅನ್ನದಿದ್ದರೆ ತಪ್ಪಾಗುತ್ತದೆ.

ಈ ಕಾವಲು ಕಾಡಾಗದೆ ಉಳಿದುಹೋದ ನೆಲ ಅಲ್ಲ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯ ಕಾಲದಿಂದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟಾಗಲೂ, ಇದು ಹುಲ್ಲಿಗಾಗಿಯೇ ಕಾಯ್ದಿಟ್ಟ ನೆಲ. ಇಲ್ಲೇ ಬಾಸೂರು ಕಾವಲಿಗೆ ಹೋಗಿ ನೋಡಿ, 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಕೃಷ್ಣಮೃಗ ಓಡುವುದು ಬಯಲಲ್ಲಿ. ದೂರಕ್ಕೆ ಕಣ್ಣು ಹಾಯದಿದ್ದರೆ ಅದು ಬದುಕುವುದಿಲ್ಲ. ಚಳಿಗಾಲಕ್ಕೆ ದೂರ ದೇಶದಿಂದ ಬರುವ ಸೆಳೆವ ಎಂಬ ಬೇಟೆ ಹಕ್ಕಿಗಳು ರಾತ್ರಿ ಮಲಗುವುದು ಹುಲ್ಲಿನ ನಡುವೆ, ನೆಲದ ಮೇಲೆ. ಅಲ್ಲಿ ಒಳ್ಳೆಯ ಮರ ನೆಟ್ಟರೂ, ನಮ್ಮದೇ ಹೊಂಗೆ ನೆಟ್ಟರೂ, ಒತ್ತೊತ್ತಾಗಿ ನೆಟ್ಟರೆ ಅನ್ಯಾಯವೇ. ಹುಲ್ಲು ಚೆನ್ನಾಗಿರುವ ಕಡೆ ಬೀಜವೂ ಬೇಡ, ಗುಂಡಿಯೂ ಬೇಡ. ಕೈ ಕಟ್ಟಿ ನಿಂತು ಕಾಯುವುದೂ ಕೆಲಸವೇ.

ಬಿತ್ತಲೇಬೇಕಾದ ಜಾಗ ಯಾವುದೆಂದರೆ, ಜಾಲಿ, ಲಂಟಾನ ಕಿತ್ತು ಬರಿದಾದ ನೆಲ. ಅಲ್ಲಿ ಸುಮ್ಮನಿದ್ದರೆ ಪಾರ್ಥೇನಿಯಂ ಬರುತ್ತದೆ. ಉತ್ತರಾಖಂಡದ ಹುಲಿ ಕಾಡು ಕಾರ್ಬೆಟ್‌ನಲ್ಲಿ ಪ್ರೊಫೆಸರ್ ಸಿ.ಆರ್. ಬಾಬು ಅವರು ಲಂಟಾನವನ್ನು ಮೇಲಿನಿಂದ ಸವರದೆ, ಚಿಗುರುವ ಭಾಗದ ಕೆಳಗೆ, ಮಣ್ಣಿನೊಳಗೆ ಬೇರು ಕತ್ತರಿಸಿ ತಲೆಕೆಳಗು ಮಾಡಿ ಒಣಗಿಸುವ ವಿಧಾನ ರೂಢಿಗೆ ತಂದರು. ಅಷ್ಟಕ್ಕೇ ಬಿಡದೆ ಆ ಜಾಗಕ್ಕೆ ಅಲ್ಲಿನದೇ ಹುಲ್ಲನ್ನು ತಂದು ಕೂರಿಸುವುದು ಕೆಲಸದ ಅರ್ಧ ಭಾಗ. ಬೀಜ ಎಲ್ಲಿಂದ? ಅಂಗಡಿಯಿಂದ ಅಲ್ಲ. ಕಾವಲಿನ ಒಳ್ಳೆಯ ಭಾಗದಲ್ಲಿ ಕಾರ್ತಿಕ ಮಾಸಕ್ಕೆ ಹುಲ್ಲು ತೆನೆ ಒಣಗುತ್ತದೆ. ಹಂಚಿಕಡ್ಡಿ ಇದೆ, ಬಟ್ಟೆಗೆ ಊಬು ಚುಚ್ಚುವ ಹುಲ್ಲಿದೆ. ಎಲ್ಲ ಒಂದೇ ಕಡೆ ಬೋಳಿಸದೆ, ಮೂರರಲ್ಲಿ ಒಂದು ಭಾಗ ಕೊಯ್ದು, ತೆನೆ ಸಮೇತ ಒಣಗಿಸಿ, ಮಳೆಗೆ ಮುಂಚೆ ಬರಿ ನೆಲದ ಮೇಲೆ ಹಾಸಿದರೆ ಸಾಕು. ಉಂಡೆ ಬೇಕಿಲ್ಲ, ಗೊಬ್ಬರ ಬೇಕಿಲ್ಲ. ಹುಲ್ಲೇ ನೆರಳು, ಹುಲ್ಲೇ ಬೀಜ. ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟಿ: ಯಾವ ಹುಲ್ಲು, ಯಾವ ಜಾಗ, ಯಾವ ತಾರೀಖು, ಕೊಯ್ದವರು ಯಾರು. ಚೀಟಿ ಇಲ್ಲದ ಚೀಲ, ಅದು ಎಷ್ಟೇ ದೊಡ್ಡವರು ಕೊಟ್ಟಿದ್ದಿರಲಿ, ಕಾವಲಿನೊಳಗೆ ಬೇಡ. ಹೋಗುವ ಮುಂಚೆ ಅರಣ್ಯ ಇಲಾಖೆಯ ಒಪ್ಪಿಗೆ ಬರಹದಲ್ಲಿ ಪಡೆಯಿರಿ.

ಮಾತು ಮುಗಿದ ಮೇಲೆ ಎರಡನೇ ವರ್ಷದ ಒಬ್ಬ ಹುಡುಗ ಎದ್ದು, "ಸರ್, ಮಾಡಿಟ್ಟಿರೋ ಐದು ಸಾವಿರ ಉಂಡೆ ಏನ್ ಮಾಡೋಣ?" ಎಂದು ಕೇಳಿದ. ಅವನ ದನಿಯಲ್ಲಿ ಸಂಕಟವಿತ್ತು. ಕಾಲೇಜಿನ ಹಿಂದೆ ಸಿಮೆಂಟ್ ಅಂಗಳ ಇದೆಯಲ್ಲ, ಅಲ್ಲಿ ಹರವಿ ನೀರು ಹಾಕಿ, ಮೂರು ವಾರ ನೋಡಿ ಅಂದೆ. ಬಂದ ಹೊಂಗೆಯನ್ನೆಲ್ಲ ಚೀಲಕ್ಕೆ ಎತ್ತಿ ರೈತರ ಹೊಲದ ಬದುವಿಗೆ ಕೊಡಿ, ಕೇಳಿ ಒಯ್ಯುತ್ತಾರೆ. ಜಾಲಿ, ಸುಬಾಬುಲ್, ಪಾರ್ಥೇನಿಯಂ ಎಷ್ಟು ಬಂದವು ಎಂದು ಬೇರೆ ಬೇರೆ ಎಣಿಸಿ ಬರೆದಿಡಿ, ಆಮೇಲೆ ಕಿತ್ತು ಸುಡಿ.

ಹಿಂದಿನ ಸಾಲಿನಲ್ಲಿ ಕೂತಿದ್ದ ಕುರಿಗಾಹಿ ಹಿರಿಯರೊಬ್ಬರು ಕೊನೆಗೆ ಬಾಯಿ ಬಿಟ್ಟರು. "ಹುಲ್ಲಿನ ಬೀಜ ಆಯೋದಾದ್ರೆ ನನ್ನ ಕರೀರಿ. ಕೆರೆ ಕೋಡಿ ಆಚೆ ಒಂದು ತುಂಡು ಐತೆ, ಅಲ್ಲಿ ಇನ್ನೂ ಜಾಲಿ ಹತ್ತಿಲ್ಲ. ಹಳೇ ಹುಲ್ಲೆಲ್ಲ ಅಲ್ಲೈತೆ." ದೀಪಾವಳಿ ಕಳೆದ ಮೊದಲ ಭಾನುವಾರ, ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಕೋಡಿಯ ಹತ್ತಿರ ಸೇರುವುದು ಎಂದಾಯಿತು. ಇಪ್ಪತ್ತಮೂರು ಜನ ಹೆಸರು ಬರೆಸಿದ್ದಾರೆ. ಕುಡುಗೋಲು, ಗೋಣಿಚೀಲ ಅವರವರೇ ತರಬೇಕು, ಚೀಟಿ ಮತ್ತು ದಾರ ನಾನು ತರುತ್ತೇನೆ.